ಬಂಡೆಯ ಸಂದಿನ ನೀಲಿ ಹೂ

"ಗುರುಗಳೇ, ಹಾಳಾಗದಂತೆ ಕಾಯುವುದೂ ಒಂದು ಸೇವೆಯಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಓಲೆಗರಿಗಳಿಗೆ ಎಣ್ಣೆ ಸವರುತ್ತಿದ್ದ. ಬೆಳಿಗ್ಗೆ ಸೂಲಗಿತ್ತಿಯೊಬ್ಬಳು ಬಂದು, ಮದ್ದುಗಳನ್ನು ಬರೆದ ಓಲೆಕಟ್ಟನ್ನು ಬಿಚ್ಚಿ ಓದಿ ಹೇಳಿರೆಂದು ಬೇಡಿಕೊಂಡಿದ್ದಳು. ಗರಿಗಳು ಮುರಿದಾವೆಂದು ಅವನು ಅವಳನ್ನು ಹಿಂದಕ್ಕೆ ಕಳಿಸಿದ್ದ.

ಗುರುಗಳು ಹೇಳಿದರು:

ಒಬ್ಬ ಪಂಡಿತ ಹಿಮಾಲಯದ ಗಿಡಗಳನ್ನು ಒಣಗಿಸಿ ಹಾಳೆಗಳ ಮೇಲೆ ಕೂಡಿಡುತ್ತಿದ್ದ. ಮರಗಳೂ ಬೆಳೆಯದಷ್ಟು ಎತ್ತರದಲ್ಲಿ ಹುಟ್ಟುವ ಗಿಡಗಳೇ ಅವನಿಗೆ ಬೇಕು. ಬೇರು ಮುರಿಯದಂತೆ ಕೀಳುವನು. ಕಾಗದಗಳ ನಡುವೆ ಹರವಿ ಹಲಗೆಗಳಡಿ ಒತ್ತಿಡುವನು. ಒದ್ದೆಯಾದ ಕಾಗದವನ್ನು ದಿನವೂ ಬದಲಿಸುವನು. ಅವನ ಕೈಯಲ್ಲಿ ಒಂದು ಎಸಳೂ ಮಡಿಚಿಕೊಂಡದ್ದಿಲ್ಲ.

ಒಂದು ದಿನ, ಎಲ್ಲ ದಿನಗಳಂತೆ, ಕಾಗದ ಬದಲಿಸಿ ಅವನು ಬೆಟ್ಟ ಹತ್ತಿದ. ದಾರಿ ತೋರಿಸಲು ಒಬ್ಬ ಕುರಿಗಾಹಿ ಜೊತೆಗಿದ್ದ. ಬಂಡೆಯ ಸಂದಿನಲ್ಲಿ ನೀಲಿ ಹೂವಿನ ಗಿಡಗಳು ಕಂಡವು. ಒಟ್ಟು ಹನ್ನೊಂದು.

"ಇದರ ಬೇರು ಮಕ್ಕಳ ಜ್ವರಕ್ಕೆ ಮದ್ದು. ಬೀಜ ಉದುರಿದ ಮೇಲೆ ವರ್ಷಕ್ಕೊಂದನ್ನು ಕೀಳುತ್ತೇವೆ. ಈ ಬೆಟ್ಟದಲ್ಲಿ ಇನ್ನೆಲ್ಲೂ ಇಲ್ಲ," ಎಂದ ಕುರಿಗಾಹಿ.

ಪಂಡಿತ ಹನ್ನೊಂದನ್ನೂ ಕಿತ್ತ.

"ಏನು ಪಂಡಿತರೇ, ನಿಮ್ಮ ಮನೆಯಲ್ಲಿ ಹನ್ನೊಂದು ಮಕ್ಕಳಿಗೂ ಒಟ್ಟಿಗೆ ಜ್ವರವೋ?"

ಪಂಡಿತ ನಕ್ಕ. "ನನಗೆ ಮಕ್ಕಳೇ ಇಲ್ಲವಯ್ಯ. ಒಂದು ನನಗೆ, ಹತ್ತು ಬೇರೆ ಊರುಗಳ ಪಂಡಿತರಿಗೆ. ಅವರೂ ತಮ್ಮ ಬೆಟ್ಟಗಳ ಗಿಡ ಕಳಿಸುತ್ತಾರೆ. ನೀವು ಕುದಿಸಿ ಕುಡಿದರೆ ಮುಗಿದುಹೋಯಿತು. ನನ್ನ ಹತ್ತಿರ ನೂರು ವರ್ಷ ಇರುತ್ತದೆ."

ಕುರಿಗಾಹಿ ಹೇಳಿದ್ದನ್ನು ಅವನು ಹಾಳೆಯ ಮೂಲೆಯಲ್ಲಿ ತಪ್ಪಿಲ್ಲದೆ ಬರೆದ: ಹೂ ನೀಲಿ. ಬೇರು ಮಕ್ಕಳ ಜ್ವರಕ್ಕೆ ಮದ್ದು.

ಮರುವರ್ಷ ಕುರಿಗಾಹಿ ನಾಲ್ಕು ದಿನ ನಡೆದು ಪಂಡಿತನ ಮನೆಗೆ ಬಂದ. ಮಗಳಿಗೆ ಜ್ವರ. ಬಂಡೆಯ ಸಂದಿನಲ್ಲಿ ಏನೂ ಹುಟ್ಟಿರಲಿಲ್ಲ.

ಪಂಡಿತ ಕಲ್ಲುಮನಸ್ಸಿನವನಲ್ಲ. ಹತ್ತು ಗಿಡಗಳು ಆಗಲೇ ದೂರ ಹೋಗಿದ್ದವು. ಉಳಿದ ಒಂದು ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ. ಎಸಳಿನ ನೀಲಿಯೂ ಮಾಸಿರಲಿಲ್ಲ. ಬೇರನ್ನು ಬಿಡಿಸಿ ಕೊಡಲೆಂದು ಚಾಕು ಎತ್ತಿಕೊಂಡ. ಆಗ ನೆನಪಾಯಿತು. ಚಾಕುವನ್ನು ಕೆಳಗಿಟ್ಟ.

"ಇದನ್ನು ಕೊಡಲಾಗದು."

"ನನ್ನ ಕುರಿಗಳಲ್ಲಿ ಬೇಕಾದದ್ದನ್ನು ಹಿಡಿದುಕೊಳ್ಳಿ, ಒಡೆಯಾ. ಬೆರಳುದ್ದ ಬೇರು ಸಾಕು."

"ಅದಕ್ಕಲ್ಲವಯ್ಯ. ವಿಷ ಸವರಿದ್ದೇನೆ."

"ಮದ್ದಿನ ಗಿಡಕ್ಕೆ ವಿಷವೇ? ಯಾಕೆ?"

"ಹುಳು ತಿನ್ನಬಾರದೆಂದು."

ಕುರಿಗಾಹಿ ಹಾಳೆಯತ್ತ ಬಾಗಿದ. ಅವನಿಗೆ ಓದು ಬಾರದು. ಮೂಲೆಯ ಬರಹವನ್ನು ತೋರಿಸಿ, "ಇಲ್ಲಿ ಏನು ಬರೆದಿದ್ದೀರಿ?" ಎಂದು ಕೇಳಿದ. ಪಂಡಿತ ಓದಿ ಹೇಳಲಿಲ್ಲ. ಕುರಿಗಾಹಿ ಕಂಬಳಿ ಹೊದ್ದು ಬೆಟ್ಟದ ದಾರಿ ಹಿಡಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕೈಯಲ್ಲಿ ಎಣ್ಣೆಯ ಬಟ್ಟೆ ಹಾಗೆಯೇ ಇತ್ತು.

"ಆ ಮಗು ಏನಾಯಿತು, ಗುರುಗಳೇ?"

"ಆ ಹಾಳೆಯನ್ನು ಈವರೆಗೆ ಒಂದು ಹುಳುವೂ ಮುಟ್ಟಿಲ್ಲ," ಎಂದರು ಗುರುಗಳು.