ಕೆಂಪುಕಲ್ಲು ಬಿಸಿಲಿಗೆ ಗಟ್ಟಿಯಾದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು, ಮಕ್ಕಳೇ. ಬೆಟ್ಟಗಳ ಮೇಲೆ ದೇವರ ಬೆರಳಿನ ಗುರುತು ಆರಿರಲಿಲ್ಲ. ತನ್ನ ದಡ ಎಲ್ಲಿ ಎಂದು ಕಡಲು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು, ದೇವರೂ ಬೇಸರಿಸದೆ ಹತ್ತು ಸಲ ಹೇಳುತ್ತಿದ್ದ.

ಆಗ ನಮ್ಮ ಕೆಂಪುಕಲ್ಲು ಇಡ್ಲಿಯಷ್ಟು ಮೆತ್ತಗಿತ್ತು. ನಿನ್ನೆಯ ಇಡ್ಲಿಯಲ್ಲ, ಈಗಷ್ಟೇ ತಟ್ಟೆಗೆ ಬಿದ್ದದ್ದು! ಅದರ ಮೈತುಂಬ ನೀರು. ಕಡಲ ಪಕ್ಕದ ಬೋಳುಗುಡ್ಡದಲ್ಲಿ ಅಂಗೈ ಒತ್ತಿದರೆ ಸಾಕು, ತಣ್ಣಗೆ ಜಿನುಗುತ್ತಿತ್ತು. ದೇವರು ಹೇಳಿದ್ದು ಒಂದೇ ಮಾತು: "ಬಾಯಾರಿದವರು ಒತ್ತಿ ಕುಡಿಯಿರಿ. ಕುಡಿದ ಮೇಲೆ ಕೈ ತೆಗೆಯಿರಿ."

ಮೊಲ ಕುಡಿಯಿತು, ಕೈ ತೆಗೆಯಿತು. ಗಾಳಿ ಕುಡಿಯಿತು, ಕೈ ತೆಗೆಯಿತು. (ಗಾಳಿಗೆ ಕೈ ಎಲ್ಲಿಂದ ಬಂತು ಎಂದು ಕೇಳಬೇಡಿ. ಆಗ ಇತ್ತು.) ಉದ್ದ ಹಳದಿ ಕಾಲಿನ ಟಿಟ್ಟಿಭ ಹಕ್ಕಿಗೆ ಮರ ಹತ್ತಿ ಗೊತ್ತಿಲ್ಲ, ನೆಲದ ಮೇಲೆಯೇ ಮೊಟ್ಟೆ ಇಡುತ್ತದೆ. ಅದು ಬೇಸಗೆಯಲ್ಲಿ ನಾಲ್ಕು ಮೊಟ್ಟೆ ಇಟ್ಟು ಕೂತರೆ, ಕೆಳಗಿನ ಕಲ್ಲೇ ಜಿನುಗಿ ಮೊಟ್ಟೆಗಳನ್ನು ತಂಪಾಗಿಡುತ್ತಿತ್ತು.

ಗುಡ್ಡದ ಬುಡದಲ್ಲಿ ದೇಜಪ್ಪ ಎಂಬವನಿದ್ದ. ಭಾರಿ ದೇವಭಕ್ತ. ಮೊದಲ ಬೊಗಸೆಯನ್ನು ದೇವರಿಗೆ ಚೆಲ್ಲದೆ ಕುಡಿದವನೇ ಅಲ್ಲ. ಒಂದು ದಿನ ಅವನಿಗೆ ಅನ್ನಿಸಿತು, ದಿನಾ ಗುಡ್ಡ ಹತ್ತುವುದು ಯಾಕೆ? ಕಲ್ಲನ್ನೇ ಮನೆಗೆ ತಂದರೆ?

ಕೊಡಲಿ ತಂದ. ಚೌಕ ಚೌಕ ಕಡಿದು ಮನೆಯ ಸುತ್ತ ಪೇರಿಸಿದ. "ನೀರಿನ ಗೋಡೆ!" ಎಂದು ಹೆಂಡತಿ ಅಕ್ಕುವಿಗೆ ತೋರಿಸಿದ.

"ಇಷ್ಟನ್ನೂ ಕುಡಿಯಲಿಕ್ಕೆ ನಿಮಗೆ ಹೊಟ್ಟೆ ಎಷ್ಟಿದೆ?" ಎಂದಳು ಅಕ್ಕು.

"ನೀನು ಸುಮ್ಮನಿರು ಮಾರಾಯ್ತಿ. ಮೊದಲ ಕಲ್ಲು ದೇವರಿಗೆ ಅಂತ ತೆಗೆದಿಟ್ಟಿದ್ದೇನೆ."

ಕೊನೆಗೆ ಗುಡ್ಡದಲ್ಲಿ ಹಕ್ಕಿ ಕೂತ ಕಲ್ಲೊಂದೇ ಉಳಿಯಿತು.

"ದೇಜಪ್ಪಣ್ಣಾ, ಇದೊಂದು ಬಿಡು. ಇನ್ನು ಐದೇ ದಿನ, ಮರಿಗಳು ಹೊರಬರುತ್ತವೆ," ಎಂದಿತು ಹಕ್ಕಿ.

"ನಾನು ಬಿಟ್ಟರೆ ಬೇರೆಯವರು ಕಡಿಯುತ್ತಾರೆ."

"ಬೇರೆ ಯಾರೂ ಕೊಡಲಿ ತಂದಿಲ್ಲವಲ್ಲ!"

ದೇಜಪ್ಪ ಕ್ರೂರಿಯಲ್ಲ, ಅದನ್ನೂ ಹೇಳಿಬಿಡಬೇಕು. ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ, ಜೋಪಾನವಾಗಿ ಪಕ್ಕದ ಒಣಮಣ್ಣಿನಲ್ಲಿ ಇಟ್ಟ. ಆಮೇಲೆ ಕಡಿದ.

ಹಕ್ಕಿ ದೂರದ ಹೊಳೆಗೆ ಹಾರಿತು. ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗೆ ಒತ್ತಿತು. ಮತ್ತೆ ಹಾರಿತು, ಮತ್ತೆ ಒತ್ತಿತು. ಹೊಳೆ ದೂರ, ಬಿಸಿಲು ಹತ್ತಿರ. ನಾಲ್ಕೂ ಮೊಟ್ಟೆ ಬೆಂದುಹೋದವು.

ಇತ್ತ ಗೋಡೆಯೂ ಒಣಗಿತು. ಮಣ್ಣಿನ ಮಡಿಲಲ್ಲಿ ಜಿನುಗುತ್ತಿದ್ದ ಕಲ್ಲು ಬಿಸಿಲಲ್ಲಿ ಗಟ್ಟಿಯಾಯಿತು. ನೀರಿದ್ದ ಕಡೆಯೆಲ್ಲ ತೂತು. ದೇಜಪ್ಪ ಒತ್ತಿದ, ಗುದ್ದಿದ. ಕೈಯಿಂದ ರಕ್ತ ಬಂತು, ಕಲ್ಲಿನಿಂದ ನೀರು ಬರಲಿಲ್ಲ.

"ದೇವರೇ, ನಿನಗೆ ಮೊದಲ ಕಲ್ಲು ಇಟ್ಟಿದ್ದೆನಲ್ಲ!" ಎಂದು ಅತ್ತ.

ದೇವರು ಬಂದ. "ನನಗೆ ಬಾಯಾರಿಕೆ ಎಂದು ಯಾರು ಹೇಳಿದರು ನಿನಗೆ? ಬಾಯಾರಿದ್ದು ಹಕ್ಕಿಗೆ."

"ತಪ್ಪಾಯಿತು. ಎಲ್ಲ ಕಲ್ಲನ್ನೂ ತಿರುಗಿ ಅಲ್ಲೇ ಇಡುತ್ತೇನೆ. ಮೊದಲಿನ ಹಾಗೆ ಮೆತ್ತಗೆ ಮಾಡು."

ದೇವರು ಕಲ್ಲನ್ನು ಕೇಳಿದ, "ಆಗುತ್ತೀಯಾ?"

"ಮಣ್ಣಿನೊಳಗೆ ಇರುವಷ್ಟು ದಿನ ಮೆತ್ತಗಿರುತ್ತೇನೆ, ಸ್ವಾಮಿ. ಹೊರಗೆ ಎಳೆದವರಿಗೆ ಇಲ್ಲ. ಹಕ್ಕಿ ಹೂಂ ಎಂದರೆ ಮಾತ್ರ ನೋಡೋಣ."

ದೇವರು ಹಕ್ಕಿಯನ್ನು ಹುಡುಕಿದ. ಹಕ್ಕಿ ಅಲ್ಲಿರಲಿಲ್ಲ. ಹೊಳೆಗೆ ಹೋಗಿತ್ತು, ಬೆಂದ ಮೊಟ್ಟೆಗಳಿಗೆ ನೀರು ತರಲು.

ದೇವರು ಕಲ್ಲನ್ನು ಹಾಗೆಯೇ ಬಿಟ್ಟು ಹೊರಟುಹೋದ.

ಪರೀಕ್ಷೆಯಲ್ಲಿ ಇದನ್ನು ಬರೆಯಬೇಡಿ, ಪುಸ್ತಕದಲ್ಲಿರುವುದನ್ನೇ ಬರೆಯಿರಿ. ಆದರೆ ನಿಮ್ಮ ಶಾಲೆಯ ಕೆಂಪುಕಲ್ಲಿನ ಗೋಡೆಯ ತೂತಿಗೆ ಬೆರಳು ಹಾಕಿ ನೋಡಿ, ಒಳಗೆ ಒಣಗಿದೆ. ನೆಲದೊಳಗೆ ಇರುವಾಗ ಕೊಡಲಿಗೂ ಮೆತ್ತಗೆ ಸಿಗುವ ಆ ಕಲ್ಲು ಬಿಸಿಲು ಕಂಡೊಡನೆ ಇವತ್ತಿಗೂ ಗಟ್ಟಿಯಾಗುತ್ತದೆ. ಟಿಟ್ಟಿಭ ಇವತ್ತಿಗೂ ಹೊಟ್ಟೆ ಒದ್ದೆ ಮಾಡಿಕೊಂಡು ಬಂದೇ ಮೊಟ್ಟೆಯ ಮೇಲೆ ಕೂರುತ್ತದೆ, ಮತ್ತು ನೀವು ಹತ್ತಿರ ಹೋದರೆ, ನಿಮ್ಮ ಕೈಯಲ್ಲಿ ಏನಿದೆ ಎಂದು ಕೂಗಿ ಕೂಗಿ ಕೇಳುತ್ತದೆ.