ಚನಮಲ್ಲ ತನ್ನ ಮಾತು ಹಿಂದಕ್ಕೆ ಪಡೆದದ್ದು

ಶಿವನು ತನ್ನವರನ್ನು ಎಲ್ಲೆಲ್ಲಿ ಕೂರಿಸುತ್ತಾನೋ ಬಲ್ಲವರಿಲ್ಲ. ಮಾತೋಶ್ರೀ ಕಾಶಮ್ಮನವರನ್ನು ಅವನು ಕೂರಿಸಿದ್ದು ಬಿಳಿಹಾಳದ ಪೇಟೆಗೆ ಹೋಗುವ ದಾರಿಯ ಬದಿಯ ಒಂದು ಅರವಟ್ಟಿಗೆಯಲ್ಲಿ. ನಾಲ್ಕು ಕಂಬ, ಮೇಲೆ ಜೋಳದ ದಂಟಿನ ಹೊದಿಕೆ, ಕೆಳಗೆ ಒದ್ದೆ ಮರಳಿನ ಮೇಲೆ ಸಾಲಾಗಿಟ್ಟ ಮಣ್ಣಿನ ಹರವಿಗಳು. ಅವರ ಮಠವೆಂದರೆ ಅಷ್ಟೇ. ನಸುಕಿನಲ್ಲಿ ಹಳ್ಳದ ಒರತೆಯಿಂದ ನೀರು ಹೊತ್ತು ತರುವರು, ಅರಿವೆಯಲ್ಲಿ ಸೋಸುವರು, ದಾರಿಹೋಕರು ಬಂದು ಬೊಗಸೆಯೊಡ್ಡಿದರೆ ತಾಮ್ರದ ತಂಬಿಗೆಯಿಂದ ಹೊಯ್ಯುವರು. ಹೆಸರು ಕೇಳುತ್ತಿರಲಿಲ್ಲ, ಕುಲ ಕೇಳುತ್ತಿರಲಿಲ್ಲ. ಹನ್ನೆರಡು ವರ್ಷ ಆ ನೆರಳನ್ನು ಬಿಟ್ಟು ಪೇಟೆಯೊಳಗೆ ಕಾಲಿಟ್ಟವರಲ್ಲ. ಮಾತು ತೀರ ಕಡಿಮೆ. ಅಪರೂಪಕ್ಕೆ ಒಂದು ಮಾತಾಡಿದರೆ ಜನ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ಅವರನ್ನು ನಂಬದವನೊಬ್ಬನಿದ್ದ, ಲಾವಣಿ ಹಾಡುವ ಚನಮಲ್ಲ. ಕಂಚಿನ ಕಂಠ, ಬಗಲಲ್ಲಿ ಡಪ್ಪು, ಕಿವಿಯಲ್ಲಿ ಅತ್ತರಿನ ಹತ್ತಿ. ನಾಡಿನಲ್ಲಿ ನಡೆದದ್ದನ್ನು ಹಾಡು ಕಟ್ಟಿ ಸಂತೆಯಿಂದ ಸಂತೆಗೆ ಹೊತ್ತು ತಿರುಗುವುದು ಅವನ ಕಸುಬು. "ನೀರು ಕೊಟ್ಟವರೆಲ್ಲ ಶರಣರಾದ್ರ ನಮ್ಮೂರ ಬಾವಿ ಎಲ್ಲಾರಕಿಂತ ದೊಡ್ಡ ಶರಣ" ಎಂದು ಕಟ್ಟೆಯ ಮೇಲೆ ಕೂತು ಜನರನ್ನು ನಗಿಸುತ್ತಿದ್ದ. ಹಾಗೆಂದು ಬಾಯಾರಿದಾಗ ಬಂದು ಬೊಗಸೆಯೊಡ್ಡುವುದನ್ನು ಬಿಟ್ಟವನಲ್ಲ. ಅವ್ವನವರೂ ಹೊಯ್ಯುವುದನ್ನು ಬಿಟ್ಟವರಲ್ಲ.

ಆ ವರ್ಷ ಬಿಳಿಹಾಳದ ಜಿನ್ನಿನಲ್ಲಿ, ಎಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರಖಾನೆಯಲ್ಲಿ, ಒಂದು ಹೊಲಸು ಕೆಲಸ ನಡೆಯಿತು. ಹತ್ತಿ ಆರಿಸುವ ತಂಗೆವ್ವನೆಂಬ ಇಪ್ಪತ್ತೆರಡರ ಹೆಣ್ಣುಮಗಳು ಕೆಲಸ ಬಿಟ್ಟ ಹೊತ್ತಿನಲ್ಲಿ ಗೇಟಿನ ಮುಂದೆ ನಿಂತು, ಜೊತೆಯ ಹೆಂಗಸರೆಲ್ಲರ ಎದುರಿಗೆ, ಆಳುಗಳ ಮೇಲ್ವಿಚಾರಕನಾದ ಮುಕಾದಮ ರಾಚಪ್ಪನ ಹೆಸರು ಹಿಡಿದು ಹೇಳಿದಳು. ಗುರುವಾರ ಮಧ್ಯಾಹ್ನ ಬೀಜದ ಕೋಣೆಗೆ ಕರೆದು ಕದ ಹಾಕಿದ, ಕೈಹಿಡಿದು ಎಳೆದ, ಒಲ್ಲೆ ಅಂದರೂ ಬಿಡಲಿಲ್ಲ, ಕಚ್ಚಿ ಬಿಡಿಸಿಕೊಂಡು ಬಂದೆ. ಇಷ್ಟು ಹೇಳಿ ಮನೆ ಸೇರಿದವಳು ಮತ್ತೆ ಬಾಯಿ ತೆರೆಯಲಿಲ್ಲ. ಒಮ್ಮೆ ಹೇಳುವಷ್ಟರಲ್ಲೇ ಅವಳ ಜೀವ ಅರ್ಧವಾಗಿತ್ತು.

ಸುದ್ದಿ ಕೇಳಿ ಚನಮಲ್ಲನ ರಕ್ತ ಕುದಿಯಿತು. ಅದು ಸುಳ್ಳು ಸಿಟ್ಟಲ್ಲ, ಅವನನ್ನು ಹಳಿಯುವ ಮುಂಚೆ ಇದನ್ನು ಹೇಳಲೇಬೇಕು. ಬಡವರ ಮಗಳ ಪರವಾಗಿ ಊರೂರಿಗೆ ಕೇಳುವಂತೆ ಹಾಡುತ್ತೇನೆಂದು ಡಪ್ಪು ಕೈಗೆತ್ತಿಕೊಂಡ. ಆದರೆ ತಂಗೆವ್ವ ಹೇಳಿದ್ದು ನಾಲ್ಕೇ ಮಾತು. ನಾಲ್ಕು ಮಾತಿಗೆ ಸಂತೆಯ ಜನ ನಿಂತು ಕೇಳುತ್ತಾರೆಯೆ? ಗುರುವಾರವೆಂದರೆ ಸಪ್ಪಗಿತ್ತು, ಅಮಾವಾಸ್ಯೆ ಮಾಡಿದ. ಒಬ್ಬಳೆಂದರೆ ಸಾಲದೆನಿಸಿತು, ಮೂವರನ್ನು ಮಾಡಿದ. ಅದಕ್ಕೂ ಹಾಡು ಏರದಿದ್ದಾಗ ರಾಚಪ್ಪನ ಹೆಂಡತಿ ಪಾರವ್ವನನ್ನು ತಂದು, ಗಂಡನ ಪಾಪಕ್ಕೆ ಬಾಗಿಲಲ್ಲಿ ಕಾವಲು ನಿಲ್ಲಿಸಿದ. ಆಗ ಹಾಡು ಏರಿತು. ಕೇಳಿದ ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಹಲ್ಲು ಕಡಿದರು, ಚನಮಲ್ಲನ ಹೆಸರು ಹೊಳೆಯಾಚೆಗೂ ಹೋಯಿತು.

ಹದಿನೈದು ದಿನ ಕಳೆಯುವಷ್ಟರಲ್ಲಿ ತಂಗೆವ್ವ ಹೇಳಿದ್ದೇನೆಂಬುದು ಗೇಟಿನ ಮುಂದೆ ಕೇಳಿದವರ ನೆನಪಿನಲ್ಲೂ ಉಳಿಯಲಿಲ್ಲ. ಹಾಡಿನಲ್ಲಿದ್ದದ್ದೇ ಅವಳ ಹೇಳಿಕೆಯಾಯಿತು. ಜಿನ್ನಿನ ಅಂಗಳದಲ್ಲಿ ಪಂಚರು ಸೇರಿದಾಗಲೂ ಹಿರಿಯರಾದ ಸಂಗನಗೌಡರು ಕೇಳಿದ್ದು ಅಮಾವಾಸ್ಯೆಯನ್ನೇ. ಆ ಅಮಾವಾಸ್ಯೆಗೆ ರಾಚಪ್ಪ ಹರಕೆ ತೀರಿಸಲು ಹೊಳೆಯಾಚೆಯ ದೇವರಿಗೆ ಹೋಗಿದ್ದ, ಜೊತೆಗೆ ಹೋದ ಹದಿನಾರು ಜನ ಎದ್ದುನಿಂತು ಹೌದೆಂದರು. ಅವನು ಎದೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಾಡದೇನು, ಅಮಾವಾಸ್ಯೆಯ ಮಟ್ಟಿಗೆ ಅದು ನಿಜವೇ ಆಗಿತ್ತು. "ನಾ ಅಮಾಸಿ ಅಂದೇ ಇಲ್ರೀ" ಎಂದಳು ತಂಗೆವ್ವ. ಈಗ ಮಾತು ತಿರುಗಿಸುತ್ತಾಳೆಂದು ಜನ ಗದ್ದಲವೆಬ್ಬಿಸಿದರು. ಸುಳ್ಳು ಹೊರಿಸಿದ್ದಕ್ಕೆ ಅವಳು ಮರುದಿನ ಅದೇ ಅಂಗಳದಲ್ಲಿ ತಲೆಯ ಮೇಲೆ ಕಲ್ಲು ಹೊತ್ತು ರಾಚಪ್ಪನ ಕಾಲಿಗೆ ಬೀಳಬೇಕು, ಮುದಿ ತಾಯಿಯನ್ನು ಕಟ್ಟಿಕೊಂಡು ಊರು ಬಿಡಬೇಕು. ಹೀಗೆಂದು ತೀರ್ಮಾನವಾಯಿತು.

ಇದೊಂದೂ ಗೊತ್ತಿಲ್ಲದ ಚನಮಲ್ಲ ಅದೇ ಮಧ್ಯಾಹ್ನ ಪರವೂರಿನಿಂದ ಮರಳುತ್ತ ಅರವಟ್ಟಿಗೆಯ ಮುಂದೆ ನಿಂತ. ನೀರು ಕುಡಿದು ಮೀಸೆ ಒರೆಸಿಕೊಂಡು ಅಲ್ಲೇ ಕೂತು, ಯಾರೂ ಕೇಳದಿದ್ದರೂ ತಾನೇ ಡಪ್ಪು ಬಾರಿಸಿ ಲಾವಣಿಯನ್ನು ಪೂರಾ ಹಾಡಿದ. ಅವ್ವನವರು ಕೈಯಲ್ಲಿ ತಂಬಿಗೆ ಹಿಡಿದು ಕೊನೆಯವರೆಗೂ ನಿಂತು ಕೇಳಿದರು.

"ಆ ಮಗಳು ಯಾವ ವಾರ ಅಂದಿದ್ದಳಪ್ಪ?" ಎಂದು ಕೇಳಿದರು.

"ಗುರುವಾರ ಅಂದಿದ್ಲರಿ ಅವ್ವಾರ. ಆದ್ರ ಅಮಾಸಿ ಅಂದ್ರ ಹಾಡು ಏರತೈತಿ."

"ಅಮಾಸಿ ದಿನ ಅವ ಊರಾಗ ಇರಲಿಲ್ಲಂತ. ನಾಳೆ ಆಕಿ ಕಲ್ಲು ಹೊರತಾಳ."

ಚನಮಲ್ಲ ಡಪ್ಪನ್ನು ತೊಡೆಯ ಮೇಲಿಳಿಸಿದ. ನಡೆದದ್ದೆಲ್ಲ ಅವನಿಗೆ ಒಮ್ಮೆಗೇ ತಿಳಿಯಿತು, ತಿಳಿದದ್ದು ಬೇಡವಾಗಿತ್ತು. "ನಾ ಆಕೀ ಪರವಾಗೇ ಹಾಡೀನ್ರೀ" ಎಂದ.

"ಆಕೀ ಪರವಾಗಿ ಹಾಡಿದಿ. ಆಕೀ ಮಾತು ಎಲ್ಲಿಟ್ಟಿ?"

ಅಷ್ಟರಲ್ಲಿ ಒಬ್ಬ ಹೆಂಗಸು ಮುಖದ ತುಂಬ ಸೆರಗು ಹೊದ್ದು ನೆರಳಿಗೆ ಬಂದಳು. ಕೂದಲಲ್ಲಿ, ಹೆಗಲ ಮೇಲೆ, ಯಾರೋ ಎಸೆದ ಸಗಣಿ ಒಣಗಿ ಹತ್ತಿಕೊಂಡಿತ್ತು. ಅವ್ವನವರು ಏನೂ ಕೇಳದೆ ಅವಳನ್ನು ಕಲ್ಲಿನ ಮೇಲೆ ಕೂರಿಸಿ ತಲೆ ತೊಳೆಯತೊಡಗಿದರು. ತೊಳೆಸಿಕೊಳ್ಳುತ್ತ ಅವಳು ನೆಲಕ್ಕೆ ಹೇಳುವಂತೆ ಹೇಳಿದಳು. "ಬಾವಿಗೆ ಬಿಡವಲ್ರು ಯವ್ವಾ. ನನ್ನ ಗಂಡ ಏನ್ ಮಾಡ್ಯಾನೋ ಬಿಟ್ಟಾನೋ, ನಾ ಅಂತೂ ಅರಿಯೆ. ನಾ ಬಾಗಲದಾಗ ಕಾದು ನಿಂತಿದ್ನಂತ. ಹಾಡು ಹಂಗಂತೈತಿ."

ಹಾಡು ಕಟ್ಟಿದವನು ಇಲ್ಲೇ ಕೂತಿದ್ದಾನೆಂದು ಅವ್ವನವರು ಹೇಳಲಿಲ್ಲ. ಅವನತ್ತ ನೋಡಲೂ ಇಲ್ಲ. ಚನಮಲ್ಲ ಡಪ್ಪನ್ನು ಧೋತರದ ಮರೆಯಲ್ಲಿ ಮುಚ್ಚಿಕೊಂಡು, ಕಳ್ಳನಂತೆ ಅಲ್ಲಿಂದೆದ್ದು ಹೋದ.

ಮರುದಿನ ಬಿಳಿಹಾಳದವರು ಕಂಡದ್ದನ್ನು ಅವರ ಮೊಮ್ಮಕ್ಕಳು ಇಂದಿಗೂ ಹೇಳುತ್ತಾರೆ. ಹನ್ನೆರಡು ವರ್ಷ ನೆರಳು ಬಿಟ್ಟು ಕದಲದಿದ್ದ ತಾಯಿ ಸೊಂಟದ ಮೇಲೆ ನೀರಿನ ಹರವಿ, ಕೈಯಲ್ಲಿ ತಂಬಿಗೆ ಹಿಡಿದು, ಬರಿಗಾಲಲ್ಲಿ ಪೇಟೆಯ ನಡುವೆ ನಡೆದು ಬಂದರು. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಎದ್ದುನಿಂತರು. ಮೈ ಜುಮ್ಮೆಂದಿತೆಂದು ಆಗ ನೋಡಿದವರೆಲ್ಲ ಹೇಳಿದ್ದಾರೆ. ಅವರ ಹಿಂದೆ ಪಾರವ್ವ ಬರುತ್ತಿದ್ದಳು.

ಜಿನ್ನಿನ ಅಂಗಳದಲ್ಲಿ ತಂಗೆವ್ವನ ಮುಂದೆ ಕಲ್ಲು ಇಟ್ಟಾಗಿತ್ತು. ರಾಚಪ್ಪ ಹೊಸ ರುಮಾಲು ಸುತ್ತಿಕೊಂಡು ಪಂಚರ ಪಕ್ಕದಲ್ಲಿ ಕೂತಿದ್ದ. ಗುಂಪಿನ ಕೊನೆಯಲ್ಲಿ ಚನಮಲ್ಲನೂ ನಿಂತಿದ್ದ. ಬಾಯಿ ಬಿಟ್ಟರೆ ತನ್ನ ಹೆಸರೂ ಕಸುಬೂ ಒಟ್ಟಿಗೇ ಮುಳುಗುತ್ತವೆಂದು ಅವನಿಗೆ ಗೊತ್ತಿತ್ತು. ಸಂಗನಗೌಡರು ಗಡಬಡಿಸಿ ಎದ್ದು ಮಾತೋಶ್ರೀಯವರಿಗೆ ತಮ್ಮ ಗಾದಿ ಬಿಟ್ಟುಕೊಟ್ಟರು. ಅವರು ಕೂಡಲಿಲ್ಲ. ಗುಂಪನ್ನು ದಾಟಿಕೊಂಡು ನೇರವಾಗಿ ಚನಮಲ್ಲನ ಮುಂದೆ ಬಂದು ನಿಂತರು.

"ನಿನ್ನ ಮಾತು ಯಾವು ಅದಾವೋ ನೀ ತಗೊಂಡು ಹೋಗು, ಮಗನ. ಆಕೀದು ಆಕೀಗಿ ಬಿಡು."

ಇಷ್ಟೇ ನುಡಿದದ್ದು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚನಮಲ್ಲ ಎದುರು ಮಾತಾಡುತ್ತಿದ್ದ, ಅದರಲ್ಲಿ ಅವನು ಗಟ್ಟಿಗ. ಆ ಕಣ್ಣುಗಳಲ್ಲಿ ಅವನ ಮೇಲೂ ಮರುಕವಿತ್ತು, ಅದನ್ನು ಅವನಿಂದ ತಾಳಲಾಗಲಿಲ್ಲ. ಕಾಲುಗಳು ತಾವಾಗಿ ಅವನನ್ನು ನಡುವಿಗೆ ಕರೆದೊಯ್ದವು. ಡಪ್ಪನ್ನು ನೆಲದ ಮೇಲಿಟ್ಟ.

"ಅಮಾಸಿ ನಂದ್ರೀ" ಎಂದ. "ಆಕಿ ಗುರುವಾರ ಅಂದಿದ್ಲು. ಮೂರು ಮಂದಿ ಅಂದದ್ದೂ ನಂದೇ, ಆಕಿ ತನ್ನದೊಂದೇ ಹೇಳಿದ್ಲು." ಆಮೇಲೆ ಅವನು ಪಾರವ್ವನ ಕಡೆ ತಿರುಗಿದ, ಆದರೆ ಮುಖ ನೋಡುವ ಧೈರ್ಯವಾಗಲಿಲ್ಲ. "ಈ ಯವ್ವ ಬಾಗಲದಾಗ ನಿಂತಿದ್ದಿಲ್ಲ. ನಿಲ್ಲಿಸಿದಾಂವ ನಾನು."

ಗುಂಪಿನಲ್ಲಿ ಗುಜುಗುಜು ಎದ್ದಿತು. ಹಾಗಾದರೆ ಉಳಿದದ್ದೇನೆಂದು ಸಂಗನಗೌಡರು ಗದರಿದರು. ಚನಮಲ್ಲ ತಾಳವಿಲ್ಲದೆ, ರಾಗವಿಲ್ಲದೆ ಹೇಳಿದ.

"ಗುರುವಾರ ಮಧ್ಯಾಹ್ನ ಬೀಜದ ಕ್ವಾಣಿ.
ಕದ ಹಾಕ್ಯಾನ, ಕೈ ಹಿಡದಾನ.
ಒಲ್ಲೆ ಅಂದ್ರೂ ಬಿಡಲಿಲ್ಲ.
ಕಚ್ಚಿ ಬಿಡಿಸಿಕೊಂಡಾಳ ತಂಗೆವ್ವ."

ಅಷ್ಟು ದೊಡ್ಡ ಲಾವಣಿ ಕೇಳಿ ಕಣ್ಣೊರೆಸಿಕೊಂಡಿದ್ದ ಜನಕ್ಕೆ ಈ ನಾಲ್ಕು ಸಾಲು ಕೇಳಿ ಅಳು ಬರಲಿಲ್ಲ, ಎದೆ ಝಲ್ಲೆಂದಿತು. ತಂಗೆವ್ವ ಹದಿನೈದು ದಿನಗಳಲ್ಲಿ ಮೊದಲ ಸಲ ತಲೆಯೆತ್ತಿದಳು. ತನ್ನ ಮಾತು ತನಗೇ ಮತ್ತೆ ಕೇಳಿಸಿತ್ತು.

ಯಾರೋ ರಾಚಪ್ಪನಿಗೆ ಹೊಡೆಯಿರೆಂದು ಕೂಗಿ ಮುನ್ನುಗ್ಗಿದರು. ಅವ್ವನವರು ತಂಬಿಗೆ ಹಿಡಿದ ಕೈಯನ್ನು ಅಡ್ಡ ಹಿಡಿದರು. "ಅವನನ್ನ ಗುರುವಾರದ್ದು ಯಾರೂ ಕೇಳಿಲ್ಲ. ಕೇಳ್ರಿ. ಅವನೂ ಹೇಳಲಿ" ಎಂದರು. ಆಮೇಲೆ ಅವನ ಮುಂದೆ ನಿಂತು, ದಾರಿಹೋಕನಿಗೆ ಹೊಯ್ಯುವಂತೆ ತಂಬಿಗೆ ಬಾಗಿಸಿದರು. "ಗಂಟಲ ಒಣಗೇತಿ. ಕುಡಿದು ಹೇಳಪ್ಪ."

ರಾಚಪ್ಪ ಬೊಗಸೆಯೊಡ್ಡಿದ. ಅಮಾವಾಸ್ಯೆಯ ಮೇಲೆ ಅಷ್ಟು ಧೈರ್ಯವಾಗಿ ಆಣೆಯಿಟ್ಟವನು ಈಗ ಬೊಗಸೆಯನ್ನು ಬಾಯಿಗೆ ತರಲಾರದೆ ಹೋದ. ನೀರೆಲ್ಲ ಬೆರಳ ಸಂದಿನಿಂದ ಸೋರಿ ಹೊಸ ಧೋತರದ ಮೇಲೆ ಬಿತ್ತು. ಎದುರಿಗೆ ಅವನ ಹೆಂಡತಿ ನೋಡುತ್ತಿದ್ದಳು. "ಗುರುವಾರದ್ದು ಖರೇ ಐತಿ" ಎಂದ ಅವನು.

ಗುಂಪು ಮತ್ತೆ ಅವನ ಮೇಲೆ ಎರಗಲು ಬಂತು. ಮೂವರು ಹೆಣ್ಣುಮಕ್ಕಳ ಪಾಪ ಇವನದೆಂದು ಹಿಂದಿನಿಂದ ಒಬ್ಬ ಅರಚಿದ. "ಗುರುವಾರದ್ದಷ್ಟ" ಎಂದರು ಅವ್ವನವರು. ಒಂದೇ ಮಾತು, ಆದರೆ ಎತ್ತಿದ ಕೈಗಳೆಲ್ಲ ಕೆಳಗಿಳಿದವು. ರಾಚಪ್ಪನ ಮುಕಾದಮಿಕೆ ಅಂದೇ ಹೋಯಿತು. ಅವನನ್ನು ಫೌಜದಾರರಿಗೆ ಒಪ್ಪಿಸಿದರು, ತಾನು ಮಾಡಿದ್ದಕ್ಕೆ ಅವನು ಸಜಾ ಉಂಡ. ಹೋಗುವ ಮುಂಚೆ ಎಲ್ಲರೆದುರಿಗೆ ತಂಗೆವ್ವನ ಮುಂದೆ ತಪ್ಪೊಪ್ಪಿಕೊಂಡ. ಪಂಚರಲ್ಲೊಬ್ಬರು ಧರ್ಮ ಕಂಡವರಂತೆ "ಹೋಗ್ಲಿ ಬಿಡವ್ವ, ಕ್ಷಮಾ ಮಾಡೀನಿ ಅಂತ ಅಂದುಬಿಡು" ಎಂದು ಅವಸರ ಮಾಡಿದಾಗ ಮಾತೋಶ್ರೀಯವರು ತಡೆದರು. "ಅದು ಆಕೀ ಮಾತು. ನೀವು ಕೇಳಬ್ಯಾಡ್ರಿ."

ತಂಗೆವ್ವ ಆ ಮಾತು ಅನ್ನಲಿಲ್ಲ. ಬೀಜದ ಕೋಣೆಯ ಕೀಲಿ ಹೆಂಗಸರ ಕೈಯಲ್ಲಿರಲಿ ಎಂದು ಮಾತ್ರ ಕೇಳಿದಳು. ಅಂದಿನಿಂದ ಹಾಗೇ ನಡೆಯಿತು. ಅವಳಿಗೆಂದು ಇಟ್ಟಿದ್ದ ಕಲ್ಲನ್ನು ಸಂಗನಗೌಡರು ತಾವೇ ಹೊತ್ತು ಅಂಗಳದ ಆಚೆ ಹಾಕಿ ಬಂದರು.

ಚನಮಲ್ಲ ಅರವಟ್ಟಿಗೆಗೆ ಬಂದು ಡಪ್ಪನ್ನು ಅವ್ವನವರ ಪಾದದ ಬಳಿಯಿಟ್ಟು, ಇನ್ನು ಹಾಡುವುದಿಲ್ಲವೆಂದು ಅತ್ತ. ಅವರು ಅದನ್ನು ಎತ್ತಿ ಅವನ ಕೈಗೇ ಕೊಟ್ಟರು. ಎಲ್ಲೆಲ್ಲಿ ಹಾಡಿದ್ದನೋ ಅಲ್ಲೆಲ್ಲ ಹೋಗಿ ಅವನು ತನ್ನ ಮಾತನ್ನು ಹಿಂದಕ್ಕೆ ಪಡೆದ. ಕೆಲವೆಡೆ ಜನ ನಕ್ಕರು, ಹಳೆಯದೇ ಚೆಂದವಿತ್ತು ಅದನ್ನೇ ಹಾಡೆಂದರು. ತಿರುಗಿ ಬಂದವನು ಅವ್ವನವರ ಜೊತೆ ನೀರು ಹೊರುತ್ತ ಅಲ್ಲೇ ಉಳಿದ. ನಂಬದವನಾಗಿದ್ದ ಚನಮಲ್ಲ ಆ ತಾಯಿಯ ನೆರಳಾದ.

ಪಾರವ್ವ ರೊಟ್ಟಿ ಬಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ವಾರಕ್ಕೊಮ್ಮೆ ಬುಟ್ಟಿ ಹೊತ್ತು ಆ ದಾರಿಯಲ್ಲೇ ಸಂತೆಗೆ ಹೋಗುವಳು. ತಂಬಿಗೆ ಅವ್ವನವರ ಕೈಯಲ್ಲಿದ್ದರೆ ನೀರು ಕುಡಿಯುವಳು, ಚನಮಲ್ಲನ ಕೈಯಲ್ಲಿದ್ದರೆ ಬಾಯಾರಿಕೊಂಡೇ ಮುಂದೆ ಹೋಗುವಳು. ಅವನು ಕರೆಯಲಿಲ್ಲ, ಕ್ಷಮೆ ಕೇಳಲಿಲ್ಲ. ಅದು ಆಕೆಯ ಮಾತೆಂದು ಕಲಿತಿದ್ದ. ಅವ್ವನವರು ಲಿಂಗೈಕ್ಯರಾದ ಮೇಲೂ ಅವಳು ಎಷ್ಟೋ ಬೇಸಿಗೆ ಹಾಗೇ ಬಾಯಾರಿ ನಡೆದಳು.

ಒಂದು ಸಲ ಬಿಳಿಹಾಳದ ಸಂತೆಗೆ ದೂರದ ಲಾವಣಿಕಾರನೊಬ್ಬ ಬಂದ. ಯಾರಿಂದಲೋ ಕಲಿತ ಹಳೆಯ ಹಾಡೆಂದು ಇದನ್ನೇ ಹಾಡತೊಡಗಿದ. ಅಮಾವಾಸ್ಯೆ, ಮೂವರು, ಬಾಗಿಲಲ್ಲಿ ಹೆಂಡತಿ. ಪಾರವ್ವ ಬುಟ್ಟಿಯ ಮುಂದೆ ಕೂತವಳು ಎದ್ದು ಹೋಗಲೂ ಆಗದೆ ಸೆರಗು ಎಳೆದುಕೊಂಡಳು. ಅಷ್ಟರಲ್ಲಿ ಹರವಿ ಕೊಳ್ಳಲು ಬಂದಿದ್ದ ಮುದುಕ ಚನಮಲ್ಲ ಜನರನ್ನು ಸರಿಸಿಕೊಂಡು ಮುಂದೆ ಹೋಗಿ, ಬಾರಿಸುತ್ತಿದ್ದ ಡಪ್ಪಿನ ಮೇಲೆ ಅಂಗೈಯಿಟ್ಟ.

"ತಮ್ಮಾ, ಆ ಮಾತು ನಂದು. ನಂಗ ಕೊಟ್ಟಬಿಡು" ಎಂದ. ಸಂತೆಯ ನಡುವೆ ನಿಂತು, ಇಪ್ಪತ್ತು ವರ್ಷದ ಹಿಂದಿನ ತನ್ನ ತಪ್ಪನ್ನು ಮತ್ತೆ ಮೊದಲಿನಿಂದ ಹೇಳಿದ. ಒಂದನ್ನೂ ಬಿಡಲಿಲ್ಲ.

ಸಂತೆ ಮುಗಿದು ಇಳಿಹೊತ್ತಿಗೆ ಅವನು ಅರವಟ್ಟಿಗೆಯಲ್ಲಿ ಹೊಸ ಹರವಿಯನ್ನು ಮರಳಿನಲ್ಲಿ ಕೂರಿಸುತ್ತಿದ್ದಾಗ ಯಾರೋ ಬಂದು ನಿಂತಂತಾಯಿತು. ಪಾರವ್ವ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಎರಡೂ ಕೈ ಕೂಡಿಸಿ ಅವನ ಮುಂದೆ ಬೊಗಸೆಯೊಡ್ಡಿದಳು.

ಚನಮಲ್ಲ ಅವ್ವನವರ ತಂಬಿಗೆಯನ್ನು ಹಣೆಗೊತ್ತಿಕೊಂಡು ಹೊಯ್ದ. ಅವಳು ಹೊಟ್ಟೆ ತುಂಬ ಕುಡಿದಳು.