ಹತ್ತರ ಫ್ಯೂಸು

ಹೊಳೆದಂಡೆಯ ಆ ಆಶ್ರಮಕ್ಕೆ ಇದ್ದದ್ದು ಒಂದೇ ಕಾರು. ಅದನ್ನು ಓಡಿಸುವ ಶಿಷ್ಯ ಗವಿಸಿದ್ದನಿಗೆ ವಯಸ್ಸು ನಲವತ್ತೈದು ದಾಟಿತ್ತು, ಅಂಜುಬುರುಕತನ ಮಾತ್ರ ದಾಟಿರಲಿಲ್ಲ.

ವಾರಕ್ಕೆ ಎರಡು ಸಲ ಅವನು ಅಡುಗೆಯ ನಿಂಗವ್ವನನ್ನು ಡಯಾಲಿಸಿಸ್‌ಗೆಂದು ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ಸಲ ತಪ್ಪಿದರೂ ಆಕೆಯ ಮೈ ಬಾತು ಉಸಿರು ಕಟ್ಟುತ್ತದೆ. ದಾರಿಯ ತುಂಬ ಅದಿರಿನ ಲಾರಿಗಳು.

ಹೋದ ಗುರುವಾರ ಜಿಟಿಜಿಟಿ ಮಳೆ. ಮುಂದಿನ ಲಾರಿ ಎರಚಿದ ಕೆಂಪು ರಾಡಿ ಗಾಜಿಗೆ ಬಡಿಯಿತು. ಗಾಜಿಗೆ ನೀರು ಚಿಮ್ಮಿಸಲು ಗವಿಸಿದ್ದ ಸ್ಟೇರಿಂಗ್ ಪಕ್ಕದ ಕಡ್ಡಿ ಎಳೆದ. ನೀರು ಬರಲಿಲ್ಲ. ವೈಪರ್ ಆ ರಾಡಿಯನ್ನೇ ಗಾಜಿನ ತುಂಬ ಸಾರಿಸಿತು. ನಾಲ್ಕು ಉಸಿರಿನಷ್ಟು ಹೊತ್ತು ಅವನಿಗೆ ಏನೂ ಕಾಣಲಿಲ್ಲ. ಬ್ರೇಕ್ ಒತ್ತಿ ಕಿಟಕಿಯಿಂದ ತಲೆ ಹೊರಹಾಕಿದರೆ, ಆ ಲಾರಿಯ ಹಿಂಬದಿಯ ಬಂಪರು ಒಂದು ಮೊಳ ದೂರದಲ್ಲಿತ್ತು.

ಅಂದಿನಿಂದ ಕೀಲಿ ಕಂಡರೆ ಕೈ ನಡುಗುತ್ತಿತ್ತು.

ಇವತ್ತು ಸೋಮವಾರ. ಮತ್ತೆ ಮೋಡ. ಹನ್ನೊಂದಕ್ಕೆ ಹೊರಡಬೇಕು. ನಿಂಗವ್ವನ ಪಾದ ಆಗಲೇ ಬಾತಿದ್ದವು.

ಗವಿಸಿದ್ದ ಗಾಜಿಗೆ ನೀರು ಚಿಮ್ಮಿಸುವ ಮೋಟಾರಿನ ಫ್ಯೂಸು ಬದಲಿಸಿದ. ಕಡ್ಡಿ ಎಳೆದ. ಫ್ಯೂಸು ಹೋಯಿತು. ಇನ್ನೊಂದು ಹಾಕಿದ. ಅದೂ ಹೋಯಿತು. ಮೂರನೆಯದೂ ಹೋದಾಗ ಅವನ ಬುದ್ಧಿಯೂ ಜೊತೆಗೇ ಹೋಯಿತು. ಫ್ಯೂಸಿನ ಜಾಗಕ್ಕೆ ತಾಮ್ರದ ತಂತಿಯೊಂದನ್ನು ಮಡಚಿ ತುರುಕಿ ಕಡ್ಡಿ ಎಳೆದ.

ಒಳಗಿನಿಂದ ಸುಟ್ಟ ವಾಸನೆ ಬಂತು. ಗವಿಸಿದ್ದ ಕಡ್ಡಿ ಬಿಟ್ಟು ಕೆಳಗೆ ಹಾರಿದ.

ವಾಸನೆ ಹಿಡಿದು ಗುರುಗಳಾದ ಕಲ್ಲಿನಾಥಜ್ಜ ಬಂದರು. ಕಾವಿ ಉಡುವ ಮೊದಲು ಅಜ್ಜ ಮೂವತ್ತು ವರ್ಷ ಲಾರಿಗಳ ವೈರಿಂಗ್ ಕೆಲಸ ಮಾಡಿದವರು.

"ಯಾರ ಬಾಯಿ ಮುಚ್ಚಿದಿ ತಮ್ಮಾ?"

"ಯಾರದೂ ಇಲ್ರೀ ಅಜ್ಜಾರ. ಮೂರು ಫ್ಯೂಸು ಹೋದ್ವು, ಒಂದೂ ನಿಲ್ಲವಲ್ದು. ಅದಕ್ಕ ತಂತಿ ಹಾಕಿದೆ."

"ಫ್ಯೂಸು ಮೂರು ಸಲ ಒದರಿ ಹೇಳಿತು. ನೀ ಅದರ ಬಾಯಿಗೇ ಅರಿವಿ ತುರುಕಿದಿ."

ಅಜ್ಜ ತಂತಿಯನ್ನು ಕಿತ್ತು ಎಸೆದರು. ಒಳಗಿನ ವೈರು ಮುಟ್ಟಿ ನೋಡಿದರು. ಬಿಸಿಯಾಗಿತ್ತು, ಪುಣ್ಯಕ್ಕೆ ಕರಗಿರಲಿಲ್ಲ.

"ಮೂವತ್ತು ಆಂಪಿನ ಫ್ಯೂಸು ಐತ್ರಿ. ಗಟ್ಟಿ ಇರತೈತಿ. ಅದನ್ನ ಹಾಕ್ಲೇನ್ರಿ?"

"ಇದು ಹತ್ತರ ಜಾಗ. ಮೂವತ್ತರದ್ದು ಹಾಕಿದ್ರ, ಗಾಡಿ ಸುಟ್ಟ ಮ್ಯಾಲೆ ಫ್ಯೂಸು ಹೋಗತೈತಿ. ಒಂದರದ್ದು ಹಾಕಿದ್ರ, ಕಡ್ಡಿ ಮುಟ್ಟಿದ್ರ ಸಾಕು, ಹೋಗತೈತಿ. ಹತ್ತರದ್ದು ಬೇಕಾದಾಗಷ್ಟ ಹೋಗತೈತಿ. ಹಳೇ ಬಲ್ಬ್ ಒಂದು ತಾ."

ಬಲ್ಬಿಗೆ ಎರಡು ವೈರು ಕಟ್ಟಿ, ಅಜ್ಜ ಅದನ್ನು ಫ್ಯೂಸಿನ ಜಾಗಕ್ಕೆ ಸಿಕ್ಕಿಸಿದರು. ಕಡ್ಡಿ ಎಳೆದು ಹಿಡಿಯಲು ಮೂರನೆಯವರೊಬ್ಬರು ಬೇಕಿತ್ತು. ನಿಂಗವ್ವ ಬಾತ ಕಾಲನ್ನು ಎಳೆದುಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತಳು.

"ಇವತ್ತ ನಾನ ಓಡಸ್ತೀನೇನ್ರಿ ಅಜ್ಜಾರ? ಇವನಕಿಂತ ನಾನ ವಾಸಿ ಬಿಡ್ರಿ."

ಗವಿಸಿದ್ದನಿಗೆ ನಗು ಬರಲಿಲ್ಲ. ಆಕೆ ಕಡ್ಡಿ ಎಳೆದು ಹಿಡಿದಳು. ಬಲ್ಬು ಝಗ್ಗನೆ ಹೊತ್ತಿತು.

"ಈಗ ಮೋಟಾರಿನ ವೈರು ಬಿಚ್ಚು," ಎಂದರು ಅಜ್ಜ.

ಅವನು ನೀರಿನ ಡಬ್ಬಿಯ ಬುಡದಲ್ಲಿದ್ದ ಮೋಟಾರಿನಿಂದ ವೈರು ಕಳಚಿದ. ಬಲ್ಬು ಉರಿಯುತ್ತಲೇ ಇತ್ತು.

"ಮೋಟಾರು ಬಿಚ್ಚೇನಿ, ಆದ್ರೂ ಉರಿಯಾಕ ಹತ್ತೈತ್ರಿ!"

"ಹಂಗಾರ ಮೋಟಾರಿನ ತಪ್ಪಿಲ್ಲ. ಗಾಯ ದಾರ್ಯಾಗ ಐತಿ, ಅಲ್ಲೇ ವೈರಿನಿಂದ ಕರೆಂಟು ಗಾಡಿ ಮೈಗೆ ಸೋರಾಕ ಹತ್ತೈತಿ. ವೈರು ಹಿಡಕೊಂಡ್ ನಡಿ. ಬಲ್ಬು ಆರಿದಲ್ಲಿ ನಿಲ್ಲು."

ಗವಿಸಿದ್ದ ವೈರನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬಂದ. ಬ್ಯಾಟರಿಯ ಹತ್ತಿರ ಆರಲಿಲ್ಲ. ಹೆಡ್‌ಲೈಟಿನ ಹಿಂದೆಯೂ ಆರಲಿಲ್ಲ. ಹೊಳೆಯಾಚೆ ಗುಡುಗಿತು. ಸಿಗದೇ ಹೋದರೆ? ನಿಂಗವ್ವನ ಉಸಿರಿನ ಸದ್ದು ಅವನಿಗೆ ಕೇಳುತ್ತಿತ್ತು.

ಕಾರಿನ ಮೂತಿಯ ಜಾಲರಿಯ ಹಿಂದೆ ಕೈ ಹಾಕಿ ವೈರು ಎಳೆದ.

"ಆರಿತು," ಎಂದರು ಅಜ್ಜ.

ಗವಿಸಿದ್ದ ಬಗ್ಗಿ ನೋಡಿದ. ಅಲ್ಲಿದ್ದದ್ದು ಅವನೇ ಬಿಗಿದ ಗಂಟು.

ಪ್ರತಿ ಅಮಾವಾಸ್ಯೆಗೆ ಅವನು ಕಾರಿಗೆ ದೃಷ್ಟಿಯಾಗದಿರಲೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುತ್ತಿದ್ದ. ದಾರದಲ್ಲಿ ಕಟ್ಟಿದರೆ ದಾರಿಯಲ್ಲಿ ಉದುರುತ್ತಿತ್ತು. ಉದುರಿದರೆ ಅಪಶಕುನವೆಂದು ಕಬ್ಬಿಣದ ತಂತಿ ತಂದ. ಲೋಹದ ಜಾಲರಿಗೆ ಸುತ್ತಿದ. ಗಟ್ಟಿ ನಿಲ್ಲಲೆಂದು ಒಳಗಿನ ವೈರುಗಳನ್ನೂ ಸೇರಿಸಿ ಇಕ್ಕಳದಿಂದ ಹಿಂಡಿದ. ಮೂರು ಅಮಾವಾಸ್ಯೆ, ಮೂರು ಸಲ ಹಿಂಡಿದ. ತಂತಿ ವೈರಿನ ಚರ್ಮ ಸೀಳಿ ಒಳಗಿನ ತಾಮ್ರಕ್ಕೆ ಹಲ್ಲು ಊರಿತ್ತು.

ಲಾರಿಯ ಬಂಪರು ಕಣ್ಣ ಮುಂದೆ ಬಂತು. ಗವಿಸಿದ್ದ ಅಲ್ಲೇ ಕೂತ.

"ನಾನ ಮಾಡಿದ್ನಲ್ರೀ ಅಜ್ಜಾರ. ಅಂಜಿ ಅಂಜಿ, ಆಕಿನ್ನ ನಾನ ಕೊಲ್ಲತಿದ್ದೆ."

ಅಜ್ಜ ಬೈಯಲಿಲ್ಲ. ಇಕ್ಕಳ ಕೈಗಿತ್ತರು.

"ಮೊದಲು ಬಿಚ್ಚು. ಅಳೂದು ಸಾಯಂಕಾಲ ಮಾಡೂಣು."

ಅವನು ತಂತಿ ಕತ್ತರಿಸಿ, ಗಾಯಕ್ಕೆ ಟೇಪು ಸುತ್ತಿ, ಮೋಟಾರಿಗೆ ವೈರು ಸಿಕ್ಕಿಸಿದ. ಅಜ್ಜ ಬಲ್ಬು ತೆಗೆದು ಹತ್ತರ ಫ್ಯೂಸು ಹಾಕಿದರು. ನಿಂಗವ್ವ ಕಡ್ಡಿ ಎಳೆದಳು. ಗಾಜಿನ ಮೇಲೆ ಎರಡು ಎಳೆ ನೀರು ಚಿಮ್ಮಿತು. ಇನ್ನೊಮ್ಮೆ ಎಳೆದಳು. ಮತ್ತೆ ಚಿಮ್ಮಿತು.

"ನಿಂಬಿಹಣ್ಣು ಏನ್ ಮಾಡ್ಲಿರೀ?"

"ಕಟ್ಟಬೇಕು ಅನ್ನಿಸಿದ್ರ ದಾರದಾಗ ಕಟ್ಟು. ಉದುರಿದ್ರ ಉದುರಲಿ."

ಹನ್ನೊಂದಕ್ಕೆ ಇನ್ನು ಐದು ನಿಮಿಷವಿತ್ತು. ನಿಂಗವ್ವ ಹಿಂದಿನ ಸೀಟಿಗೆ ಸರಿದಳು. ಮಳೆಯ ಹನಿಗಳು ಗಾಜಿಗೆ ಬೀಳತೊಡಗಿದವು.

ಗವಿಸಿದ್ದ ಸ್ಟೇರಿಂಗ್ ಹಿಡಿದು ಕೂತ. ಕೀಲಿ ತಿರುಗಿಸಲಿಲ್ಲ. ಕೈಯನ್ನು ಕಿಟಕಿಯಾಚೆ ಚಾಚಿ ಗುರುವಿಗೆ ತೋರಿಸಿದ. ಬೆರಳು ಇನ್ನೂ ನಡುಗುತ್ತಿದ್ದವು.

"ಗಾಡಿ ಸರಿ ಆತ್ರೀ ಅಜ್ಜಾರ. ಅಂಜಿಕಿ ಹೋಗವಲ್ದು. ಇದನ್ನೂ ಕಿತ್ತು ಹಾಕ್ರಿ."

ಅಜ್ಜ ಆ ಕೈಯನ್ನು ಹಿಡಿದು, ಕೀಲಿಯ ಮೇಲಿಟ್ಟರು.

"ಇರಲಿ ತಮ್ಮಾ. ಅಂಜಿಕಿನೂ ಒಂದು ಫ್ಯೂಸ. ಹತ್ತರದ್ದು ಇರಲಿ."